ಅರವತ್ತರ ಮೇಲಿನ ಏರು

ಅರವತ್ತು ದಾಟಿದವರು ಸೈಕಲ್ಲಿನ ಸ್ಪೀಡಿನ ಮಾತೆತ್ತಿದರೆ ಮನೆಯವರು ಮೊದಲು ಮಂಡಿ ನೋಡುತ್ತಾರೆ, ಆಮೇಲೆ ಮುಖ. "ಆರೋಗ್ಯಕ್ಕೆ ಎಷ್ಟು ಬೇಕೋ ಅಷ್ಟು ತುಳಿದರೆ ಸಾಲದೇ?" ಅನ್ನುತ್ತಾರೆ. ಸಾಲದು. ಹೋದ ತಿಂಗಳಿಗಿಂತ ಈ ತಿಂಗಳು ಚೂರು ಬೇಗ ಬೆಟ್ಟ ಹತ್ತಿದೆ ಅನ್ನುವ ಸುಖಕ್ಕೆ ವಯಸ್ಸಿನ ಹಂಗಿಲ್ಲ.

ಫ್ರಾನ್ಸಿನ ರೊಬೇರ್ ಮಾರ್ಶಾಂ 1911ರಲ್ಲಿ ಹುಟ್ಟಿದವರು. 2012ರಲ್ಲಿ, ನೂರು ತುಂಬಿದ ಮೇಲೆ, ಒಂದು ಗಂಟೆಯಲ್ಲಿ 24 ಕಿ.ಮೀ. ಚಿಲ್ಲರೆ ತುಳಿದು ದಾಖಲೆ ಮಾಡಿದರು. 2014ರಲ್ಲಿ ಅದೇ ಒಂದು ಗಂಟೆಯಲ್ಲಿ 26.927 ಕಿ.ಮೀ.! ನಡುವಿನ ಎರಡು ವರ್ಷ ಅವರನ್ನು ತಯಾರು ಮಾಡಿದ್ದು ವೆರೊನಿಕ್ ಬಿಯಾ ಎಂಬ ಶರೀರಶಾಸ್ತ್ರಜ್ಞೆ. ವರ್ಷಕ್ಕೆ ಸುಮಾರು 5000 ಕಿ.ಮೀ.; ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಹಗುರಾಗಿ, ಉಳಿದ ಇಪ್ಪತ್ತು ಮಾತ್ರ ಏದುಸಿರು ಬರುವ ಹಾಗೆ. ನೂರು ದಾಟಿದ ದೇಹ ಮೊದಲಿಗಿಂತ ಹೆಚ್ಚು ಆಮ್ಲಜನಕ ಬಳಸುವುದನ್ನು ಕಲಿತಿತ್ತು. 105ರಲ್ಲಿ ಮತ್ತೆ ಟ್ರ್ಯಾಕಿಗಿಳಿದು 22.547 ಕಿ.ಮೀ. ಮುಗಿಸಿದಾಗ, ಕೊನೆಯ ಹತ್ತು ನಿಮಿಷದ ಫಲಕ ಕಾಣಲಿಲ್ಲ, ಕಂಡಿದ್ದರೆ ಇನ್ನೂ ಜೋರಾಗಿ ಹೋಗುತ್ತಿದ್ದೆ ಎಂದರಂತೆ. ಆ ಅತೃಪ್ತಿಗೆ ನನ್ನ ನಮಸ್ಕಾರ.

ನಮ್ಮಲ್ಲಿ ಬಹುತೇಕರು ದಿನವೂ ಒಂದೇ ಹದದಲ್ಲಿ ತುಳಿಯುತ್ತಾರೆ. ದಣಿವಾಗುತ್ತದೆ, ಬಲ ಬರುವುದಿಲ್ಲ. ಹಗುರದ ದಿನ ಪಕ್ಕದವರ ಜೊತೆ ಸೊಸೆ, ಮೊಮ್ಮಕ್ಕಳು, ಪಿಂಚಣಿ ಎಲ್ಲ ಮಾತಾಡಲು ಉಸಿರಿರಬೇಕು. ಜೋರಿನ ದಿನ ಒಂದು ಪದವೂ ಹೊರಡಬಾರದು.

ಮೈಸೂರಿನ ತಾವರೆಕಟ್ಟೆಯಿಂದ ಚಾಮುಂಡಿಬೆಟ್ಟ ಹತ್ತುವಾಗ ನನ್ನ ಓರಗೆಯವರ ಕಾಲನ್ನೇ ಗಮನಿಸುತ್ತೇನೆ. ತಿರುವು ಬಂತೆಂದರೆ ಭಾರದ ಗೇರಿನಲ್ಲೇ ಹಟ ಹಿಡಿದು, ಹ್ಯಾಂಡಲ್ ಹಿಂಡಿ, ಒಂದೊಂದು ಪೆಡಲನ್ನೂ ಸೊಂಟದಿಂದ ಒತ್ತುತ್ತಾರೆ. ಚೈನು ಕಿರುಗುಟ್ಟುತ್ತದೆ, ಮೊಣಕಾಲ ಚಿಪ್ಪು ಹೊರಳುವುದು ಹಿಂದಿನಿಂದಲೇ ಗೊತ್ತಾಗುತ್ತದೆ. "ಎರಡು ಗೇರ್ ಇಳಿಸಿ ರಾಯರೇ, ಕಾಲು ಬೇಗ ಬೇಗ ತಿರುಗಲಿ" ಅನ್ನುತ್ತೇನೆ. ಅಷ್ಟೇ ವೇಗ, ಪ್ರತಿ ಸುತ್ತಿಗೂ ಮಂಡಿಯ ಮೇಲಿನ ಹೊರೆ ಕಡಿಮೆ. ಮಾರ್ಶಾಂ ಕೂಡ ಕಾಲಿನ ಲಯ ಹೆಚ್ಚಿಸಿಯೇ ಗೆದ್ದದ್ದು.

ಸಮತಟ್ಟಿನ ರಸ್ತೆಯಲ್ಲಿ ಶತ್ರು ಬೇರೆ: ಗಾಳಿ. ವೇಗ ಎರಡರಷ್ಟಾದರೆ ಗಾಳಿ ತಡೆಯುವ ಬಲ ನಾಲ್ಕರಷ್ಟು. ಮೊಣಕೈ ಮಡಿಸಿ ಕೊಂಚ ಬಾಗಿದರೆ ಆ ತಡೆ ಕಡಿಮೆಯಾಗುತ್ತದೆ; ಪುಕ್ಕಟೆ ಸಿಗುವ ಲಾಭ ಅದು.

ಬೆಟ್ಟ, ಗಾಳಿ ಎರಡಕ್ಕಿಂತ ಕಷ್ಟದ್ದು ಸುಮ್ಮನಿರುವುದು. ಈ ವಯಸ್ಸಿನಲ್ಲಿ ಸ್ನಾಯು ಸವೆಯುತ್ತದೆ, ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ವಾರಕ್ಕೆರಡು ದಿನ ಬಸ್ಕಿ, ತೂಕ ಎತ್ತುವುದು, ಊಟಕ್ಕೆ ಕಾಳು, ಮೊಸರು, ಮೊಟ್ಟೆ. ಜೋರಿನ ಮರುದಿನ ಸೈಕಲ್ ಮುಟ್ಟದಿರುವುದು.

ಇಷ್ಟು ತಯಾರಿಗೆ ಒಂದು ಗುರಿಯೂ ಬೇಕಲ್ಲ. ಬ್ರೆವೆ ಎಂಬ ದೂರದ ಸವಾರಿಯಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಗಂಟೆಗೆ 15 ಕಿ.ಮೀ. ಕೂಡ ಆಗಲಿಲ್ಲ, ಇಡ್ಲಿ ಕಾಫಿಯ ಹೊತ್ತೂ ಅದರಲ್ಲೇ. ಈ ಲೆಕ್ಕ ಹೇಳಿದ ಮೇಲೆ ತಾವರೆಕಟ್ಟೆಯ ಇಬ್ಬರು ಗೆಳೆಯರು ಹೆಸರು ಬರೆಸಲು ಒಪ್ಪಿದ್ದಾರೆ.