ಗುಡ್ಡ ಹತ್ತಿ ಕೇಳಿದ ಸೋಬಾನೆ

ಇನ್ನೆರಡು ಕಟ್ಟಿಗೆ ಹಾಕಿ, ಹೇಳ್ತೇನೆ. ಅಹಮದಾಬಾದಿನ ಈ ಬೋಡಕ್‌ದೇವ್‌ನವರಿಗೆ ಉತ್ತರಾಯಣದ ಹಿಂದಿನ ರಾತ್ರಿಯ ಈ ಚಳಿಯೇ ದೊಡ್ಡದು. ನಮ್ಮ ಮಡಿಕೇರಿ ಕಡೆ ಜೂನ್ ಬಂತೆಂದರೂ ಒಲೆ ಮುಂದಿಂದ ಯಾರೂ ಏಳುವುದಿಲ್ಲ.

1993ರಲ್ಲಿ ಮಡಿಕೇರಿಗೆ ಆಕಾಶವಾಣಿ ಬಂತು. ಅಲ್ಲಿವರೆಗೆ ನಮಗೆ ಮಂಗಳೂರು, ಬೆಂಗಳೂರು ಕೇಂದ್ರಗಳೇ ಗತಿ; ಗುಡುಗಿದರೆ ವಾರ್ತೆಯೆಲ್ಲ ಕರಕರ. ಬರೋಡದಲ್ಲಿ ಗಾಯಕವಾಡರ ಸಂಸ್ಥಾನಕ್ಕೊಂದು ರೇಡಿಯೋ ಇತ್ತೆಂದು ಇಲ್ಲಿಯವರು ಹೇಳುತ್ತಾರಲ್ಲ, ಮೈಸೂರಿನಲ್ಲೂ ಇತ್ತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ಯಂತ್ರ ಇಟ್ಟು ಶುರುಮಾಡಿದ್ದು ಅದು. ಮೈಸೂರಿಂದ ಬೆಟ್ಟ ಹತ್ತಿ ನಮ್ಮಲ್ಲಿಗೆ ಬರಲು ಆಕಾಶವಾಣಿಗೆ ಇಷ್ಟು ವರ್ಷ ಬೇಕಾಯಿತು ನೋಡಿ.

ಬಂದದ್ದೇನೋ ಬಂತು, ಕೇಳುವುದು ಹೇಗೆ? ಅದು ಎಫ್‌ಎಂ, 103.1. ಅಜ್ಜನ ಮರದ ಪೆಟ್ಟಿಗೆಯಂಥ ರೇಡಿಯೋದಲ್ಲಿ ಮೀಡಿಯಂ ವೇವ್, ಶಾರ್ಟ್ ವೇವ್ ಎರಡೇ. ಮುಳ್ಳು ಎಷ್ಟು ತಿರುಗಿಸಿದರೂ ಪಕ್ಕದೂರಿನ ದನಿ ಸಿಗದು, ರಾತ್ರಿಯಾದರೆ ಸಿಲೋನ್ ಮಾತ್ರ ಸ್ಪಷ್ಟ! ಕಾಫಿ ಮಾರಿದ ದುಡ್ಡಲ್ಲಿ ಅಪ್ಪ ಎಫ್‌ಎಂ ಇರುವ ಸಣ್ಣ ಸೆಟ್ ತಂದರು. ಆಗಲೂ ಬುಸ್ ಅನ್ನುವ ಸದ್ದೇ. ಎಫ್‌ಎಂ ಅಲೆ ನೆಟ್ಟಗೆ ಓಡುತ್ತದೆ, ಗುಡ್ಡ ಅಡ್ಡ ಬಂದರೆ ಬಳಸಿಕೊಂಡು ಬರುವುದು ಕಷ್ಟ. ನಮ್ಮ ಮನೆಯೋ ಗದ್ದೆ ಬದಿಯ ತಗ್ಗಿನಲ್ಲಿ. ಕೆಳಗಿನ ಸುಳ್ಯದ ನೆಂಟರು ಆರಾಮಾಗಿ ಕೇಳುತ್ತಿದ್ದರು, ನಮಗಿಲ್ಲ.

ಆ ಹೊತ್ತಿಗೇ ಚಿಕ್ಕಮ್ಮನ ಗುಂಪಿಗೆ ಕೇಂದ್ರದಿಂದ ಕರೆ ಬಂತು. ಮದುವೆ ಚಪ್ಪರದಲ್ಲಿ ಹೇಳುವ ಸೋಬಾನೆ ರೆಕಾರ್ಡ್ ಮಾಡುತ್ತಾರಂತೆ. ಕೊಡವ ತಕ್ಕ್‌ನಲ್ಲೂ ನಮ್ಮ ಅರೆಭಾಷೆಯಲ್ಲೂ ಕಾರ್ಯಕ್ರಮ ಬರುತ್ತಿದ್ದ ಕೇಂದ್ರ ಅದು. ಮನೆಯೊಳಗಿನ ಮಾತು ಪೆಟ್ಟಿಗೆಯಿಂದ ಬರುತ್ತದೆಂದರೆ ಅಜ್ಜಿಗೆ ನಂಬಿಕೆಯಿಲ್ಲ. "ಅಲ್ಲಿ ಪೇಟೆಯವರು ತಿದ್ದಿ ಹಾಳುಮಾಡ್ತಾರೆ" ಅಂದರು.

ಪ್ರಸಾರದ ಸಂಜೆ, ಗುಡ್ಡದ ಮೇಲಾದರೆ ಕೇಳೀತೆಂದು, ಮೆರವಣಿಗೆಯಂತೆ ಹೊರಟೆವು. ರೇಡಿಯೋ ನನ್ನ ತಲೆ ಮೇಲೆ, ಹಿಂದೆ ಚಾಪೆ, ಟಾರ್ಚು, ಜಿಗಣೆಗೆ ಉಪ್ಪು. ಮಾವ ಅಜ್ಜಿಯ ಕೈ ಹಿಡಿದು ಮೆಣಸಿನ ಬಳ್ಳಿಗಳ ನಡುವೆ ಏರಿಸಿದರು. ನೆತ್ತಿಯಲ್ಲಿ ಏರಿಯಲ್ ಎಳೆದದ್ದೇ ತಡ, ಬುಸ್ ಸದ್ದು ನಿಂತು ಯಾರದೋ ಚಿತ್ರಗೀತೆ ತಿಳಿಯಾಗಿ ಬಂತು. ಅದು ಮುಗಿದು ನಿರೂಪಕಿ ಹೆಸರು ಹೇಳಿದಾಗ ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ತಾನು ಇಲ್ಲೇ ಕೂತಿರುವಾಗ ಅಲ್ಲಿ ಹಾಡುತ್ತಿರುವವಳು ಯಾರೆಂಬ ನಾಚಿಕೆ ಇರಬೇಕು. ಅಜ್ಜಿ ಮಾತ್ರ ಕಿವಿ ಹಚ್ಚಿ, ತುಟಿಯಲ್ಲೇ ಜೊತೆ ಹಾಡುತ್ತ ಕೂತರು.

ಹಾಡು ಮುಗಿಯಿತು. ಎಲ್ಲರೂ ಅಜ್ಜಿಯ ಮುಖ ನೋಡಿದೆವು.

"ಧಾರೆಯ ಭಾಗ ಎಲ್ಲಿ ಹೋಯಿತು? ಹೆಣ್ಣನ್ನು ಧಾರೆ ಎರೆಯದೆ ಗಂಡನ ಮನೆಗೆ ಕಳಿಸಿಬಿಟ್ಟಿರಲ್ಲ!"

ಸಮಯ ಸಾಲದೆ ಕತ್ತರಿಸಿದ್ದಾರೆಂದು ಚಿಕ್ಕಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಇಳಿಯುವಾಗ ದಾರಿಯುದ್ದಕ್ಕೂ, ಬಿಟ್ಟುಹೋದದ್ದನ್ನೆಲ್ಲ ಚಿಕ್ಕಮ್ಮನಿಂದ ಹಾಡಿಸಿಕೊಂಡೇ ಬಂದರು.