ಕಾಗದ ಓಡುವಷ್ಟು ಜಾಗ

ಬಂದೂಕಿನ ನಳಿಗೆಯನ್ನು ಹೊತ್ತುಕೊಂಡು ಹೆಗಲಿಗೆ ಒರಗುವ ಭಾಗಕ್ಕೆ ಉರ್ದುವಿನಲ್ಲಿ ಕುಂದಾ ಎನ್ನುತ್ತಾರೆ. ಕನ್ನಡದಲ್ಲಿ ಕುಂದು ಎಂದರೆ ಕೊರತೆ ಎಂದು ಶಾಲೆಯಲ್ಲಿ ಕಲಿತ ದಿನ ನಾವು ಓಡಿಹೋಗಿ ಮಾಮೂಗೆ ಹೇಳಿದೆವು. ಅವರು ನಕ್ಕರು. 'ಸರಿಯಾಗೇ ಇದೆ. ಗುರಿ ತಪ್ಪಿದವರೆಲ್ಲ ಮೊದಲು ಕುಂದಾದ ಮೇಲೇ ಕುಂದು ಹೊರಿಸುವುದು' ಎಂದರು.

ಮಾಮೂ ಮೈಸೂರಿನ ಒಂದು ಬಂದೂಕಿನ ಅಂಗಡಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕುಂದಾ ಕೆಲಸ ಮಾಡಿದವರು. ಲೈಸೆನ್ಸು, ರಿಜಿಸ್ಟರು, ಬೀಗದ ಕೈ ಎಲ್ಲ ಯಜಮಾನರವು. ಉಳಿ, ಅರ, ಉಪ್ಪುಕಾಗದ ಮಾತ್ರ ಮಾಮೂ ಅವರವು. ಗಿರಾಕಿಗಳಲ್ಲಿ ಹೆಚ್ಚಿನವರು ಕೊಡಗಿನವರು. ಕೊಡವರ ಮನೆಗಳಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ರೂಢಿ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇದ್ದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ.

ಹಬ್ಬ ಬರುವುದು ಮಳೆಗಾಲದ ಬಾಲಕ್ಕೆ ಅಂಟಿಕೊಂಡು. ತೊಂದರೆ ಇರುವುದೂ ಅಲ್ಲೇ. ಕಕ್ಕಡ ತಿಂಗಳ ಮಳೆಯಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ನಳಿಗೆಯ ಒಂದು ಮಗ್ಗುಲನ್ನು ಒತ್ತುತ್ತದೆ. ಬೇಸಿಗೆಯಲ್ಲಿ ನಡುವಿಗೇ ಹೊಡೆಯುತ್ತಿದ್ದ ರೈಫಲ್ಲು ಸೆಪ್ಟೆಂಬರಿನಲ್ಲಿ ಪಕ್ಕಕ್ಕೆ ಹೊಡೆಯುತ್ತದೆ. ಮಾಮೂ ಅಕ್ರೋಟಿನ ಮರವನ್ನು ಎಣ್ಣೆ ಕುಡಿಸಿ ಕುಡಿಸಿ ನೀರಿಗೆ ಬಾಯಿ ಮುಚ್ಚಿಸುತ್ತಿದ್ದರು. ಮುಮಾನಿ ನಮ್ಮ ತಲೆಗೂ ಅಷ್ಟು ಎಣ್ಣೆ ತಿಕ್ಕಿದ್ದಿಲ್ಲ.

2017ರ ಜುಲೈನಲ್ಲಿ ವಿರಾಜಪೇಟೆಯ ನಮ್ಮ ಗೆಳೆಯರೊಬ್ಬರು ಹೊಸ ರೈಫಲ್ಲಿನೊಂದಿಗೆ ಅಂಗಡಿಗೆ ಬಂದರು. ವಿದೇಶಿ ಪಾಯಿಂಟ್ 22, ಕುಂದಾ ಕಪ್ಪು ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್ಕು ಉಬ್ಬುವುದಿಲ್ಲ, ಬಿರಿಯುವುದಿಲ್ಲ ಎಂದೇ ಕೊಂಡದ್ದು. ಆದರೂ 50 ಮೀಟರಿನಲ್ಲಿ ಐದು ಗುಂಡು ಎರಡಿಂಚು ಅಗಲಕ್ಕೆ ಹರಡುತ್ತಿದ್ದವು. ಒಲಿಂಪಿಕ್ಸ್‌ನಲ್ಲಿ ಆ ದೂರದ ಗುರಿಹಲಗೆಯ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್ ಮಾತ್ರ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಆ ವೃತ್ತಕ್ಕೆ ಹೊಡೆದು. ನಮ್ಮ ಗೆಳೆಯರ ಆಸೆ ಒಂದು ತೆಂಗಿನಕಾಯಿಯಷ್ಟೇ. ಅದೂ ಕೈಗೆ ಹತ್ತುತ್ತಿರಲಿಲ್ಲ.

ಮಾಮೂ ಕುಂದಾವನ್ನು ಬೆರಳಿನಿಂದ ತಟ್ಟಿ, 'ಇದು ಕುಂದಾ ಅಲ್ಲ, ಬಕೆಟ್ಟು' ಎಂದರು. ಹಾಗೆಂದು ಕೆಳಗಿಡಲಿಲ್ಲ. ಮೊದಲು ದುರ್ಬೀನಿನ ಹಿಡಿಕೆ ಸಡಿಲವಾಗಿದೆಯೇ ನೋಡಿದರು. ಬೇರೆ ಬೇರೆ ತಯಾರಕರ ತೋಟಾ ಹಾಕಿ ಹೊಡೆದು ನೋಡಿದ್ದೀರಾ ಎಂದು ಕೇಳಿದರು. ಒಂದೊಂದು ನಳಿಗೆಗೆ ಒಂದೊಂದು ತೋಟಾ ಒಗ್ಗುವುದಂತೆ, ಅದು ಅಳಿಯಂದಿರ ನಾಲಿಗೆಯ ಹಾಗೆ. ಕಡೆಗೆ ಜೇಬಿನಿಂದ ಕಾಗದದ ಪಟ್ಟಿಯೊಂದನ್ನು ತೆಗೆದು ನಳಿಗೆಗೂ ಕುಂದಾಕ್ಕೂ ನಡುವೆ ತೂರಿಸಿ ಎಳೆದರು. ಸಲೀಸಾಗಿ ಓಡಿತು. ಆಮೇಲೆ ಕುಂದಾದ ಮೂತಿಯನ್ನು ಮರಳುಚೀಲದ ಮೇಲೆ ಊರಿಸಿ ಮತ್ತೆ ಎಳೆದರು. ಈಗ ಕಾಗದ ಸಿಕ್ಕಿಕೊಂಡಿತು.

ರೋಗ ಸಿಕ್ಕಿತ್ತು. ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಪ್ಲಾಸ್ಟಿಕ್ ಕುಂದಾದ ಮುಂಭಾಗ ಒಳಗೆ ಟೊಳ್ಳು. ಭಾರ ಬಿದ್ದರೆ ಬಾಗಿ ನಳಿಗೆಯನ್ನು ಮುಟ್ಟುತ್ತದೆ. ಗುಂಡು ಹಾರುವಾಗ ನಳಿಗೆ ತಂತಿಯಂತೆ ನಡುಗುತ್ತದೆ. ಆ ನಡುಕ ಪ್ರತಿಸಲ ಒಂದೇ ರೀತಿ ಇದ್ದರೆ ಗುಂಡೂ ಒಂದೇ ಕಡೆ ಹೋದೀತು. ಒಮ್ಮೆ ಮುಟ್ಟಿ ಒಮ್ಮೆ ಬಿಟ್ಟರೆ ಗುರಿಕಾರನ ಕೈ ಎಷ್ಟು ಗಟ್ಟಿಯಿದ್ದರೇನು?

ಕೆಲಸ ಒಂದು ವಾರ ಹಿಡಿಯಿತು. ನಳಿಗೆಯ ಕಾಲುವೆಯನ್ನು ಕೋಲಿಗೆ ಸುತ್ತಿದ ಉಪ್ಪುಕಾಗದದಿಂದ ಉಜ್ಜಿ ಅಗಲ ಮಾಡಿದರು. ಮುಂಭಾಗದ ಟೊಳ್ಳಿನಲ್ಲಿ ಅಲ್ಯೂಮಿನಿಯಂ ಸರಳು ಮಲಗಿಸಿ ಎಪಾಕ್ಸಿ ಅಂಟು ತುಂಬಿದರು. ಪ್ಲಾಸ್ಟಿಕ್ಕಿಗೆ ಅಂಟು ಕಚ್ಚುವುದಿಲ್ಲವೆಂದು ಒಳಗೆಲ್ಲ ಗೀರು ಎಳೆದು ಸಣ್ಣ ತೂತು ಕೊರೆದರು. ಬೋಲ್ಟ್ ಓಡಾಡುವ ಕಬ್ಬಿಣದ ಒಡಲನ್ನು ಕುಂದಾಕ್ಕೆ ಬಿಗಿಯುವ ತಿರುಪುಗಳ ಸುತ್ತ ಲೋಹದ ಕೊಳವೆ ಕೂರಿಸಿದರು. ಇಲ್ಲದಿದ್ದರೆ ಬಿಗಿದಷ್ಟೂ ಪ್ಲಾಸ್ಟಿಕ್ಕು ಕುಗ್ಗುತ್ತದೆ. ಒಡಲಿಗೆ ಬೂಟ್ ಪಾಲಿಶ್ ಬಳಿದು, ಅಂಟಿನ ಹಾಸಿಗೆಯ ಮೇಲೆ ಒತ್ತಿ, ಒಣಗಿದ ಮೇಲೆ ಎಬ್ಬಿಸಿದರು. ಪಾಲಿಶ್ ಇಲ್ಲದಿದ್ದರೆ ಕಬ್ಬಿಣ, ಪ್ಲಾಸ್ಟಿಕ್ಕು ಎರಡೂ ಜನ್ಮಕ್ಕೆ ಒಂದೇ. ತಿರುಪುಗಳನ್ನು ಪ್ರತಿಸಲ ಒಂದೇ ಅಳತೆಗೆ ಬಿಗಿಯಬೇಕೆಂದು ಗೆಳೆಯರಿಗೆ ತಾಕೀತಾಯಿತು. ಐದು ಗುಂಡು ಹತ್ತು ರೂಪಾಯಿ ನಾಣ್ಯದೊಳಗೆ ಬಂದವು.

ಅದೇ ವಾರ ಮಾಮೂ ರಾತ್ರಿಯೆಲ್ಲ ಮನೆಯಲ್ಲಿ ಮಂಚ ಮಾಡುತ್ತಿದ್ದರು. ಮಗಳ ಮದುವೆಯ ಮಂಚ. ಜೀವಮಾನದಲ್ಲಿ ಒಂದು ಸ್ಟೂಲೂ ಮಾಡದ ಮನುಷ್ಯ.

ಕಾರಣ ಮುಮಾನಿ. ಹಿಂದಿನ ವರ್ಷ ಬಂದಿದ್ದ ಸಂಬಂಧವೊಂದು, ಹುಡುಗಿಯ ಅಬ್ಬಾ ಬಂದೂಕಿನ ಕೆಲಸದವರು ಎಂದು ಕೇಳಿ ಟೀ ಕುಡಿದು ಎದ್ದಿತ್ತು. 'ನಾಳೆ ಯಾರಾದರೂ ಬಂದು ಏನಾದರೂ ಕೇಳಿದರೆ?' ಎಂದರು ಹುಡುಗನ ತಾಯಿ. ಯಾರು, ಏನು ಎಂದು ಅವರು ಬಿಡಿಸಿ ಹೇಳಲಿಲ್ಲ. ಕೂತಿದ್ದ ನಮಗೆ ಯಾರಿಗೂ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ಅಂಗಡಿಯ ಯಜಮಾನರ ಮನೆಯಲ್ಲಾಗಲಿ, ಕೋವಿಗೆ ಹೂ ಸಿಕ್ಕಿಸುವ ನಮ್ಮ ಗೆಳೆಯರ ಮನೆಯಲ್ಲಾಗಲಿ ಹೆಣ್ಣು ನೋಡಲು ಬಂದವರು ಹೀಗೆ ಕೇಳಿರಲಿಕ್ಕಿಲ್ಲ. ಮಾಮೂ ಆವತ್ತು ಊಟ ಮಾಡಲಿಲ್ಲ. ಮರುದಿನ ಎಂದಿನಂತೆ ಅಂಗಡಿಗೆ ಹೋದರು.

ಎರಡನೆಯ ಸಂಬಂಧ ಬಂದಾಗ ಮುಮಾನಿ 'ಬಡಗಿ ಕೆಲಸ' ಎಂದುಬಿಟ್ಟರು. ಪೂರ್ತಿ ಸುಳ್ಳೂ ಅಲ್ಲ. ತುಮಕೂರಿನ ಬೀಗರು ಸಂತೋಷದಿಂದ, ಹಾಗಾದರೆ ಮಂಚ ನಿಮ್ಮ ಕೈಯದೇ ಆಗಲಿ ಎಂದರು.

ಡಿಸೆಂಬರಿನಲ್ಲಿ ನಿಕಾಹ್ ನಡೆಯಿತು. ವಿರಾಜಪೇಟೆಯ ಗೆಳೆಯರೂ ಬಂದಿದ್ದರು. ಅವರಿಗೆ ಮುಮಾನಿಯ ಮಾತು ಗೊತ್ತಿರಲಿಲ್ಲ. ಹೇಳಿಡಬೇಕೆಂದು ನಮಗೂ ಹೊಳೆದಿರಲಿಲ್ಲ. ಊಟದ ಹೊತ್ತಿಗೆ ಬೀಗರ ಪಕ್ಕದಲ್ಲೇ ಕೂತು, ಸೆಪ್ಟೆಂಬರಿನಲ್ಲಿ ಹೊಡೆದ ತೆಂಗಿನಕಾಯಿಯ ಕಥೆ ಶುರು ಮಾಡಿದರು. 'ನಿಮ್ಮ ಬೀಗರ ಹಾಗೆ ರೈಫಲ್ ಕೆಲಸ ಮಾಡುವವರು ಈ ಸೀಮೆಯಲ್ಲೇ ಇಲ್ಲ ಕಣ್ರೀ!'

ಮುಮಾನಿ ಪರದೆಯ ಆಚೆ ಬಿರಿಯಾನಿಯ ತಟ್ಟೆ ಹಿಡಿದು ನಿಂತೇಬಿಟ್ಟರು. ಬೀಗರು ಕೈಯ ತುತ್ತು ಕೆಳಗಿಟ್ಟು ಮಾಮೂನ ಮುಖ ನೋಡಿದರು. ಬಹಳ ಹೊತ್ತು ನೋಡಿದರು.

'ಹಾಗಾದರೆ ಮಂಚ ಮಾಡಿದ್ದು ಯಾರು?'

ಮಾಮೂ ಎಡಗೈಯನ್ನು ಶೇರ್ವಾನಿಯ ಜೇಬಿಗೆ ಹಾಕಿ ಕಾಗದದ ಪಟ್ಟಿಯೊಂದನ್ನು ತೆಗೆದು ಅವರ ಮುಂದಿಟ್ಟರು. 'ಊಟ ಮುಗಿಸಿ ಹೋಗಿ, ಅದರ ಕೀಲಿನಲ್ಲಿ ಎಲ್ಲಾದರೂ ಇದು ತೂರುತ್ತದಾ ನೋಡಿ' ಎಂದರು.