ಪ್ರಥಮ ಚಿಕಿತ್ಸೆಯೂ ನಾನೂ

ಪರೀಕ್ಷೆಗಳ ಕಾಟ ನನ್ನ ಪಾಲಿಗೆ ಎಂದೋ ತೀರಿತೆಂದು ನಂಬಿದ್ದೆ. ಆದರೆ ಕಳೆದ ಮಳೆಗಾಲದಲ್ಲಿ, ನಲವತ್ತು ದಾಟಿದ ಮೇಲೆ, ಮತ್ತೊಮ್ಮೆ ಪರೀಕ್ಷೆಗೆ ಕುಳಿತೆ. ಕುಳಿತೆ ಎನ್ನುವುದಕ್ಕಿಂತ ಮೊಣಕಾಲೂರಿದೆ ಎಂದರೆ ಸರಿಯಾದೀತು.

ನಾವಿರುವುದು ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರರು ಕೊಚ್ಚಿಯ ಬಂದರಿಗಾಗಿ ಹಿನ್ನೀರಿನ ಹೂಳೆತ್ತಿಸಿ, ಬಹುಪಾಲು ಆ ಮಣ್ಣಿನಿಂದಲೇ ಕಟ್ಟಿಸಿದ ದ್ವೀಪವಿದು. ಎರ್ನಾಕುಳಂನ ದೊಡ್ಡ ಆಸ್ಪತ್ರೆಗಳಿಗೆ ಹೋಗಬೇಕಾದರೆ ಸೇತುವೆ ದಾಟಬೇಕು. ಎರಡು ವರ್ಷದ ಹಿಂದೆ ಒಂದು ರಾತ್ರಿ ನನ್ನ ಮಗಳು ಕುದಿಯುವ ಸಾರಿನ ಪಾತ್ರೆಯನ್ನು ಕೈಮೇಲೆ ಕೆಡವಿಕೊಂಡಳು. ನಾನು ಮಹಾ ಬುದ್ಧಿವಂತನಂತೆ ಟೂತ್‌ಪೇಸ್ಟ್ ಮೆತ್ತಿದೆ. ಆಸ್ಪತ್ರೆಯಲ್ಲಿ ಅದನ್ನು ತೊಳೆದು ತೆಗೆಯುವಾಗ ಮಗು ಕೂಗಿದ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ. ಪಕ್ಕದ ಮನೆಯ ಚೇಚಿ ನರ್ಸು. ಮರುದಿನ ಆಕೆ, "ಒಂದು ಸಲ ಕರೆಯಬಾರದಿತ್ತೇ?" ಎಂದು ಕೇಳಿದರು. ನಮ್ಮ ಹರಕು ಮಲಯಾಳದ ಸಂಕೋಚ ಬಾಯಿ ಕಟ್ಟಿತ್ತೆಂದು ಹೇಗೆ ಹೇಳಲಿ?

ಆದ್ದರಿಂದ ನಮ್ಮ ಚಹಾ ಪ್ಯಾಕಿಂಗ್ ಘಟಕದಲ್ಲಿ, "ಪ್ರಥಮ ಚಿಕಿತ್ಸೆ ಕಲಿಯುವವರು ಯಾರು?" ಎಂದಾಗ ನಾನೇ ಮೊದಲು ಕೈ ಎತ್ತಿದೆ. 150 ಕೆಲಸಗಾರರಿಗೆ ಒಂದಾದರೂ ಔಷಧದ ಪೆಟ್ಟಿಗೆ, ಅದಕ್ಕೊಬ್ಬ ತರಬೇತಾದ ಹೊಣೆಗಾರ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ನಮ್ಮ ಪೆಟ್ಟಿಗೆಯ ಬೀಗದ ಕೈ ಎಲ್ಲಿದೆಯೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ!

ಕಲಿಸಿದವರು ನಿವೃತ್ತರಾದ ಒಬ್ಬ ಸಿಸ್ಟರ್. ಮೊದಲ ದಿನವೇ ನನ್ನ ಪಾಪ ಬಯಲಾಯಿತು. ಸುಟ್ಟ ಜಾಗವನ್ನು ಹರಿಯುವ ನಲ್ಲಿಯ ನೀರಿನಲ್ಲಿ 20 ನಿಮಿಷ ಹಿಡಿಯಬೇಕು. ಬೆಣ್ಣೆ, ಮಂಜುಗಡ್ಡೆ, ಟೂತ್‌ಪೇಸ್ಟ್ ಯಾವುದೂ ಕೂಡದು. ಆಮೇಲೆ ಶುಭ್ರವಾದ ಬಟ್ಟೆ ಹೊದಿಸಬೇಕು. ಇಷ್ಟೇ! ನಮ್ಮ ಅಡಿಗೆಮನೆಯ ನಲ್ಲಿ ಮಗುವಿನಿಂದ ಎರಡೇ ಮಾರು ದೂರದಲ್ಲಿತ್ತು.

ಅಭ್ಯಾಸಕ್ಕೆ ಆಳೆತ್ತರದ ಗೊಂಬೆಯಿತ್ತು. ಇಂಥ ಗೊಂಬೆಯನ್ನು 1960ರಲ್ಲಿ ತಯಾರಿಸಿದವರು ನಾರ್ವೆಯ ಆಟಿಕೆ ವ್ಯಾಪಾರಿ ಆಸ್ಮುಂಡ್ ಲೇರ್ಡಾಲ್. ಎದೆಯ ನಡುವೆ ಅಂಗೈಯೂರಿ, ಐದಾರು ಸೆಂಟಿಮೀಟರು ತಗ್ಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಎರಡು ಸಲ ಉಸಿರು ಊದಬೇಕು. ಎರಡು ನಿಮಿಷದಲ್ಲಿ ಗೊಂಬೆಗಿಂತ ನನಗೇ ಚಿಕಿತ್ಸೆ ಬೇಕೆನಿಸಿತು.

ಪರೀಕ್ಷೆಯ ದಿನ ಬಂತು. ತ್ರಿಕೋನದ ಬಟ್ಟೆಯಿಂದ ತೋಳಿಗೆ ಜೋಲಿ ಕಟ್ಟಿದೆ. ಗಂಟು ಬಿಗಿಯಾಗಿಯೇ ಬಿತ್ತು. ಬಳಿಕ ಗೊಂಬೆಯ ಸರದಿ. ಭುಜ ತಟ್ಟಿದೆ, ಉಸಿರು ನೋಡಿದೆ, ಒತ್ತಲು ಕೈಯೂರಿದೆ. ಪರೀಕ್ಷಕರಾದ ಡಾಕ್ಟರು ತಡೆದು, "ಸಾರೇ, ಈ ದ್ವೀಪದಲ್ಲಿ ನೀವೊಬ್ಬರೇ ಇರುವುದೋ?" ಎಂದರು.

ನೆರವಿಗೆ ಕೂಗುವುದನ್ನು ಮರೆತಿದ್ದೆ. ಆ ರಾತ್ರಿಯ ತಪ್ಪೇ ಮತ್ತೆ! ಗಂಟಲು ಒಣಗಿತು. ಕಲಿತ ಮಲಯಾಳವೆಲ್ಲ ಹಾರಿಹೋಗಿ, "ಯಾರಾದರೂ ಓಡಿ ಬನ್ನೀ!" ಎಂದು ಕನ್ನಡದಲ್ಲೇ ಅರಚಿದೆ. ಎಲ್ಲರೂ ನಕ್ಕರು, ಆದರೆ ಬಾಗಿಲಲ್ಲಿದ್ದ ಮಲಯಾಳಿ ಹುಡುಗ ನಿಜವಾಗಿಯೂ ಓಡಿ ಬಂದ. "108ಕ್ಕೆ ಫೋನು ಮಾಡಪ್ಪ" ಎಂದು ಅವನಿಗೆ ಹೇಳಿ ಒತ್ತತೊಡಗಿದೆ. "ಅವರು 'ಓಡಿ ವಾಯೋ' ಅನ್ನುತ್ತಾರೆ, ನೀವು 'ಓಡಿ ಬನ್ನಿ' ಅಂದಿರಿ. ಅರ್ಥವಾಗದೇನು?" ಎಂದು ಸಿಸ್ಟರ್ ನಕ್ಕರು. ನಾನು ಪಾಸಾದೆ.

ಸಂಜೆ ಸರ್ಟಿಫಿಕೇಟು ಹಿಡಿದು ಮೊದಲು ಹೋದದ್ದು ಚೇಚಿಯ ಮನೆಗೆ. ಅವರ ಫೋನ್ ನಂಬರು ಈಗ ನಮ್ಮ ಅಡಿಗೆಮನೆಯ ಗೋಡೆಯ ಮೇಲಿದೆ. ನಮ್ಮದು ಅವರ ಗೋಡೆಯ ಮೇಲೆ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ನಡೆಯದು. ನಮ್ಮ ಸಂಘದವರೂ ಒಂದು ಭಾನುವಾರ ಇದಕ್ಕೆಂದು ಕೂಡಿದರೆ ಗೊಂಬೆಯನ್ನು ಹೊತ್ತು ತರುವ ಭಾರ ನನ್ನದು.